ದೋಣಿ ಇಳಿಸುವ ಜಾಗದಲ್ಲಿ ಬೀಡುಬಿಟ್ಟ ಮೊಸಳೆಯವರ ಸನ್ನಿಧಿಗೆ

ಗೆ,
ಶ್ರೀಮತಿ ಮೊಸಳೆಯವರು,
ಕೃಷ್ಣೆಯ ಹಿನ್ನೀರು,
ಮುದ್ದೇಬಿಹಾಳ ತಾಲ್ಲೂಕು.

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು, ಸಾಷ್ಟಾಂಗದಲ್ಲೇ ಸದಾ ಇರುವ ತಮಗೆ ಇದು ಹೊಸದೇನಲ್ಲ. ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದು ತಮ್ಮ ಕೈಗೇ ಕೊಟ್ಟುಬರುವಷ್ಟು ಧೈರ್ಯವುಳ್ಳವರು ನಮ್ಮಲ್ಲಿ ಯಾರೂ ಸಿಗಲಿಲ್ಲ. ತಾವು ಮೇಲಿನ ಸಾಂಗ್ಲಿಯ ಕಡೆಯಿಂದ ತೇಲಿಬಂದವರಾಗಿದ್ದರೆ ಮರಾಠಿಯಲ್ಲಿಯೂ ಬರೆಯಬಲ್ಲೆ, ಏಕೆಂದರೆ ನಮ್ಮ ಮನೆಯಲ್ಲಿ ಜಗಳ ಮರಾಠಿಯಲ್ಲಿಯೂ ರಾಜಿ ಕನ್ನಡದಲ್ಲಿಯೂ ನಡೆಯುವುದು ಮೊದಲಿನಿಂದ ಬಂದ ರೂಢಿ. ಸದ್ಯಕ್ಕೆ ಕನ್ನಡದಲ್ಲೇ ಆರಂಭಿಸುತ್ತೇನೆ.

ನಾನು ಶ್ರೀವಲ್ಲಭ ಅಗರಖೇಡ, ತಾವು ಇಡೀ ಬೇಸಿಗೆ ಬಿಸಿಲು ಕಾಯಿಸಿಕೊಂಡ ದಂಡೆಯ ಮೇಲಿರುವ ಜಲಸಾಹಸ ಕೇಂದ್ರದ ವ್ಯವಸ್ಥಾಪಕ. ಮುದ್ದೇಬಿಹಾಳದಲ್ಲಿ ಬಸ್ಸಿಳಿದು, ಟಂಟಂ ರಿಕ್ಷಾ ಹಿಡಿದು, ಅದೂ ಕೈಮುಗಿದು ನಿಂತ ಮೇಲೆ ಜಾಲಿಗಿಡಗಳ ನಡುವೆ ನಡೆದು ತಲುಪಬೇಕಾದ ಈ ಜಾಗವನ್ನು ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ‘ಬಯಲುಸೀಮೆಯ ಕರಾವಳಿ’ ಎಂದು ಪಾಂಪ್ಲೆಟ್ಟಿನಲ್ಲಿ ಅಚ್ಚು ಹಾಕಿಸಿದ್ದಾರೆ. ಅದನ್ನು ಓದಿಕೊಂಡು ಬಂದ ಇಂಡಿ ಊರಿನ ಶಿಕ್ಷಕರ ತಂಡವೊಂದು ಮೊದಲ ಕೆಲಸವಾಗಿ ಬೊಗಸೆಯಲ್ಲಿ ನೀರೆತ್ತಿ ರುಚಿ ನೋಡಿ, ಉಪ್ಪಿಲ್ಲವೆಂದು ನನ್ನ ಮೇಲೆ ಮುನಿಸಿಕೊಂಡಿತು. ತಾಳಿಕೋಟೆಯ ವ್ಯಾಪಾರಸ್ಥರ ತಂಡ ಲೈಫ್ ಜಾಕೆಟ್ಟುಗಳನ್ನು ತಲೆದಿಂಬು ಮಾಡಿಕೊಂಡು ಬೇವಿನ ನೆರಳಿನಲ್ಲಿ ಸಂಜೆಯವರೆಗೆ ಮಲಗಿ, ಸಾಹಸ ಬಹಳ ಚೆನ್ನಾಗಿತ್ತೆಂದು ಹೊಗಳಿ ಹೋಯಿತು. ತಂಡಗಳನ್ನು ಸತ್ಕರಿಸುವುದು ಎಷ್ಟು ಕಷ್ಟದ ಕೆಲಸವೆಂದು ತಮಗೆ ಹೇಳಿ ಪ್ರಯೋಜನವಿಲ್ಲ, ತಾವು ತಂಡಗಳನ್ನು ನೋಡುವ ದೃಷ್ಟಿಯೇ ಬೇರೆ. ಆದರೂ ನಾನು ಪ್ರತಿ ತಂಡಕ್ಕೂ ತಪ್ಪದೆ ಸ್ವಾಗತ ಭಾಷಣ ಮಾಡುತ್ತೇನೆ, ಕೊನೆಯಲ್ಲಿ ಇದನ್ನು ನಿಮ್ಮ ತವರುಮನೆಯೆಂದೇ ತಿಳಿಯಿರಿ ಎನ್ನುತ್ತೇನೆ. ಈ ಒಂದು ಮಾತಿನಿಂದ ಇಷ್ಟೆಲ್ಲ ಆಗುತ್ತದೆಂದು ಗೊತ್ತಿದ್ದರೆ ಲಾಡ್ಜೆಂದು ತಿಳಿಯಿರಿ ಎನ್ನುತ್ತಿದ್ದೆ.

ಹೋಳಿಹುಣ್ಣಿಮೆ ಕಳೆದು ನೀರು ಹಿಂದೆ ಸರಿಯುತ್ತಿದ್ದಾಗ ತಾವು ದಯಮಾಡಿಸಿದಿರಿ. ಮೈಲುಗಟ್ಟಲೆ ದಂಡೆ ಖಾಲಿ ಬಿದ್ದಿರುವಾಗ ನಾವು ದೋಣಿ ಇಳಿಸುವ ಒಂದೇ ಒಂದು ಇಳಿಜಾರನ್ನು ಆರಿಸಿಕೊಂಡ ತಮ್ಮ ಅಭಿರುಚಿಯನ್ನು ಮೆಚ್ಚಲೇಬೇಕು. ನಮ್ಮ ದೋಣಿ ಕಲಿಸುವ ನಬಿಲಾಲರು ತಮ್ಮನ್ನು ಹೊಳೆಯಲ್ಲಿ ಬಂದ ದಿಮ್ಮಿಯೆಂದು ಭಾವಿಸಿ ಬದಿಗೆ ಸರಿಸಲು ಬಗ್ಗಿದಾಗ ದಿಮ್ಮಿ ಕಣ್ಣು ಬಿಟ್ಟಿತು. ಅಂದು ಅವರು ಓಡಿದ ಓಟ ನಮ್ಮ ಕೇಂದ್ರದಲ್ಲಿ ಇದುವರೆಗೆ ನಡೆದ ಸಾಹಸಗಳಲ್ಲೇ ಶ್ರೇಷ್ಠವಾದದ್ದು. ನೀರಿಗಿಳಿಯುವವರೆಲ್ಲರೂ ಲೈಫ್ ಜಾಕೆಟ್ ಧರಿಸತಕ್ಕದ್ದು ಎಂಬ ನಮ್ಮ ನಿಯಮವನ್ನು ತಾವು ಒಂದು ದಿನವೂ ಪಾಲಿಸಲಿಲ್ಲ. ತಮ್ಮ ಅಳತೆಯದು ನಮ್ಮಲ್ಲಿರಲಿಲ್ಲ, ಅದು ನಮ್ಮ ಕೊರತೆ ಎಂದು ಒಪ್ಪುತ್ತೇನೆ.

ತಮ್ಮನ್ನು ಗೌರವಪೂರ್ವಕವಾಗಿ ಬೇರೆ ಕಡೆ ಕಳಿಸಿಕೊಡಿ ಎಂದು ಅರಣ್ಯ ಇಲಾಖೆಯವರನ್ನು ಕರೆಸಿದೆ. ಅವರು ದೂರದಿಂದ ನೋಡಿ, ತಾವು ಮರಳಿನಲ್ಲಿ ಮೊಟ್ಟೆಯಿಟ್ಟು ಕಾಯುತ್ತಿರುವಿರೆಂದೂ, ಮರಿಗಳು ಹೊರಬರುವ ತನಕ ಅಲ್ಲಿಗೆ ಯಾರೂ ಸುಳಿಯಕೂಡದೆಂದೂ ಹೇಳಿ, ಸುತ್ತ ಹಗ್ಗ ಕಟ್ಟಿಸಿ, ನನಗೆ ಅಭಿನಂದನೆ ಸಲ್ಲಿಸಿ ಹೋದರು. ಹಗ್ಗ ನಮ್ಮದೇ, ಹಗ್ಗಜಗ್ಗಾಟದ್ದು. ಇತ್ತ ಅಧ್ಯಕ್ಷರು ಫೋನು ಮಾಡಿ, ಬೇಸಿಗೆ ಮುಗಿಯುವುದರೊಳಗೆ ದೋಣಿ ನೀರಿಗಿಳಿಯದಿದ್ದರೆ ಕೇಂದ್ರಕ್ಕೆ ಕೀಲಿ ಹಾಕುವುದಾಗಿ ಹೇಳಿದರು. ಕೀಲಿ ಬಿದ್ದರೆ ನಬಿಲಾಲರು ಮತ್ತೆ ಮೀನಿನ ಬಲೆ ಹೆಗಲಿಗೇರಿಸಬೇಕು, ಅಡುಗೆಯ ಚನ್ನವ್ವ ಮತ್ತೆ ಕಂಡವರ ಹೊಲದಲ್ಲಿ ಕಳೆ ಕೀಳಬೇಕು, ನಾನು ಮನೆಯಲ್ಲಿ ಕುಳಿತು ಎರಡು ಭಾಷೆಗಳಲ್ಲಿ ಬೈಸಿಕೊಳ್ಳಬೇಕು. ಈ ಸಂಗತಿಯನ್ನು ನಾನು ಹಗ್ಗದ ಆಚೆ ನಿಂತು ಧ್ವನಿವರ್ಧಕದಲ್ಲಿ ತಮಗೆ ವಿನಯದಿಂದ ನಿವೇದಿಸಿಕೊಂಡಾಗ ತಾವು ಬಾಯಿ ತೆರೆದು ಹಾಗೇ ಇಟ್ಟುಕೊಂಡಿರಿ. ಉತ್ತರ ಬರುತ್ತದೆಂದು ಬಹಳ ಹೊತ್ತು ಕಾದೆ.

ಅಷ್ಟರಲ್ಲಿ ಸಿಂದಗಿಯಿಂದ ಮಹಿಳಾ ಸಂಘದ ತಂಡ ಬಂತು. ಅದರ ಮುಖಂಡರಾದ ಸಾವಿತ್ರೀಬಾಯಿಯವರು ನಿವೃತ್ತ ಮುಖ್ಯಾಧ್ಯಾಪಕಿ, ಇಂದಿಗೂ ಅವರ ಎದುರು ಕೈ ಕಟ್ಟದೆ ನಿಲ್ಲುವುದು ಕಷ್ಟ. ನಾನು ಭಾಷಣ ಮುಗಿಸಿ, ದೋಣಿ ವಿಹಾರ ಇಲ್ಲ, ಒಂದು ಮೊಸಳೆ ಮೊಟ್ಟೆಯಿಟ್ಟು ಕುಳಿತಿದೆ, ಅದನ್ನು ಹೊರಗೆ ಹಾಕುವ ಪ್ರಯತ್ನದಲ್ಲಿದ್ದೇವೆ ಎಂದೆ. ಅವರು ಚಷ್ಮಾ ಸರಿಮಾಡಿಕೊಂಡು, “ಇದು ಬಂದವರ ತವರುಮನಿ ಅಂತ ಈಗ ನೀವ ಹೇಳಿದ್ರಿ. ಹೆರಿಗಿಗಂತ ತವರಿಗೆ ಬಂದಾಕಿನ್ನ ಹೊರಗ ಹಾಕೂದು ಯಾವ ಸೀಮಿ ಪದ್ಧತಿರಿ?” ಎಂದರು. ನಾನು ಕೈ ಕಟ್ಟಿಕೊಂಡೆ.

ಆಮೇಲೆ ತಂಡದಲ್ಲೇ ಒಂದು ದೊಡ್ಡ ತಕರಾರು ಎದ್ದಿತು. ಮೊಟ್ಟೆ ಇಟ್ಟಾಯಿತು, ಆದ್ದರಿಂದ ತಾವು ಬಾಣಂತಿ, ಬಿಸಿ ಬಿಸಿ ಅಂಟಿನ ಉಂಡೆಯೇ ಆಗಬೇಕೆಂದು ಅರ್ಧ ಜನ. ಮರಿ ಇನ್ನೂ ಹೊರಬಂದಿಲ್ಲ, ಆದ್ದರಿಂದ ತಾವು ಬಸುರಿ, ಸೀಮಂತದ ಕುಬಸ ಮಾಡಿ ಹಸಿರು ಸೀರೆ ಉಡಿಸಬೇಕೆಂದು ಇನ್ನರ್ಧ ಜನ. ಊಟ ಆರಿಹೋಯಿತು, ವಾದ ಆರಲಿಲ್ಲ. ಕಡೆಗೆ ಸಾವಿತ್ರೀಬಾಯಿಯವರು, ಮಕ್ಕಳ ಮುಖ ನೋಡುವ ತನಕ ಹೆಣ್ಣುಮಗಳು ಬಸುರಿಯೇ ಎಂದು ತೀರ್ಪು ಕೊಟ್ಟರು. ಚನ್ನವ್ವನ ಟ್ರಂಕಿನಿಂದ ಹಸಿರು ಸೀರೆ ಬಂತು. ಅದನ್ನು ಉಡಿಸುವವರು ಯಾರೆಂದು ಎಲ್ಲರೂ ನನ್ನ ಮುಖ ನೋಡಿದರು, ನಾನು ನಬಿಲಾಲರ ಮುಖ ನೋಡಿದೆ, ನಬಿಲಾಲರು ಆಗಲೇ ಬೇವಿನ ಮರದ ಮೇಲಿದ್ದರು. ಹೀಗಾಗಿ ಸೀರೆಯನ್ನು ಹಗ್ಗದ ಮೇಲೆ ಹರವಿ, ಬಳೆಗಳನ್ನು ಗೂಟಕ್ಕೆ ತೊಡಿಸಿ, ಆರತಿಯನ್ನು ದೂರದಿಂದಲೇ ಬೆಳಗಿ ಸೋಬಾನೆ ಹಾಡಿದರು. ತಾವು ಕಣ್ಣು ಮುಚ್ಚಿ ಕೇಳಿದಿರಿ. ನನ್ನ ಭಾಷಣಕ್ಕೆ ಈ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಸುದ್ದಿ ಹಬ್ಬಿತು. ಇಂಡಿಯಿಂದ, ಮನಗೂಳಿಯಿಂದ, ಬಸವನ ಬಾಗೇವಾಡಿಯಿಂದ ಟೆಂಪೋಗಳಲ್ಲಿ ತಂಡಗಳು ಬಂದವು. ಎಲ್ಲರ ಕೈಯಲ್ಲೂ ಕುಬಸದ ಖಣ, ಬುತ್ತಿ, ಕಾಯಿ. ಯಾರೂ ದೋಣಿಯ ಮಾತೆತ್ತಲಿಲ್ಲ. ಮಗಳಿಗೆ ಎಂದು ತಂದ ಕರಿಗಡಬು, ಉಂಡೆಗಳನ್ನು ತಮಗೆ ತಲುಪಿಸುವ ದಾರಿ ಇಲ್ಲವಾದ್ದರಿಂದ ತಮ್ಮ ಪರವಾಗಿ ನಾನೇ ತಿಂದೆ. ಬಸುರಿಯ ಬಯಕೆಯನ್ನು ತವರಿನವರು ತಿಂದು ತೀರಿಸಿದ್ದು ಇತಿಹಾಸದಲ್ಲಿ ಇದೇ ಮೊದಲಿರಬೇಕು, ನನ್ನ ಅಂಗಿಯ ಗುಂಡಿಗಳು ಈಗ ಹಾಕಲು ಬರುವುದಿಲ್ಲ. ಬಂದವರೆಲ್ಲ ನನ್ನನ್ನು ಮೊಸಳೆಯ ಅಣ್ಣನೆಂದು ಗುರುತಿಸತೊಡಗಿದರು. ತಂಗಿ ಹೇಗಿದ್ದಾಳೆಂದು ಟಂಟಂನವರೂ ಕೇಳುವರು. ಇಷ್ಟೆಲ್ಲ ವರದಿ ಮಾಡಿದರೂ ಅಧ್ಯಕ್ಷರು, ನಮ್ಮದು ಜಲಸಾಹಸ ಕೇಂದ್ರ, ಹೆರಿಗೆ ಆಸ್ಪತ್ರೆಯಲ್ಲ ಎಂದು ಫೋನಿಟ್ಟರು.

ಇನ್ನು ನನ್ನ ನಿಜವಾದ ದೂರಿಗೆ ಬರುತ್ತೇನೆ. ಮೃಗಶಿರಾ ಮಳೆಗೆ ಮೊದಲು ಒಂದು ಮುಂಜಾನೆ ಮರಳಿನೊಳಗಿಂದ ಕುಂಯ್‌ಗುಟ್ಟುವ ಸದ್ದು ಕೇಳಿಸಿತು. ನಾವು ಮೂವರೂ ಹಗ್ಗದ ಆಚೆ ನಿಂತು ನೋಡುತ್ತಿರುವಂತೆಯೇ ತಾವು ಮರಳು ಕೆದರಿ, ಆಗತಾನೇ ಲೋಕ ಕಂಡ ಮರಿಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳತೊಡಗಿದಿರಿ. ಹೆತ್ತ ತಾಯಿಯೇ ಮಕ್ಕಳನ್ನು ನುಂಗುತ್ತಿದ್ದಾಳೆಂದು ನಾನು ನಬಿಲಾಲರ ಕೈಯಿಂದ ಸೀಟಿ ಕಿತ್ತುಕೊಂಡು ಉಸಿರು ನಿಲ್ಲುವ ತನಕ ಊದಿದೆ. ತಾವು ತಿರುಗಿಯೂ ನೋಡದೆ ನೀರಿಗಿಳಿದು, ಬಾಯಿ ತೆರೆದಿರಿ. ಆ ಹಲ್ಲುಗಳ ನಡುವಿನಿಂದ ಮರಿಗಳು ಗೀರೂ ಇಲ್ಲದೆ ಈಜಿ ಹೊರಬಂದವು. ನನಗೆ ಅಳು ಬಂತು. ಅತ್ತುಬಿಟ್ಟೆ. ವ್ಯವಸ್ಥಾಪಕನಾದವನು ಅಳಬಾರದೆಂದು ನಮ್ಮ ನಿಯಮಗಳಲ್ಲಿ ಎಲ್ಲಿಯೂ ಇಲ್ಲ.

ಮರುದಿನ ಇಳಿಜಾರು ಖಾಲಿಯಿತ್ತು. ಚನ್ನವ್ವ ಖಾಲಿ ಮರಳನ್ನು ನೋಡುತ್ತ ನಿಂತು, “ಹೇಳಿ ಹೋಗಿದ್ರ ಉಡಿ ತುಂಬಿ ಕಳಸ್ತಿದ್ನೆಲ್ರೀ,” ಎಂದಳು. ಮಾನ್ಯರೇ, ಬಂದದ್ದಕ್ಕೆ ನನ್ನ ತಕರಾರಿಲ್ಲ, ಅದನ್ನು ಹಿಂತೆಗೆದುಕೊಂಡಿದ್ದೇನೆ. ಹೀಗೆ ಹೇಳದೆ ಕೇಳದೆ ತವರು ಬಿಟ್ಟು ಹೋದದ್ದಕ್ಕೆ ತಕರಾರು. ಈಗ ಇಳಿಜಾರು ತೆರವಾಗಿದೆ, ದೋಣಿಗಳು ತೊಳೆದು ನಿಂತಿವೆ, ಹತ್ತುವವರಿಲ್ಲ. ತಂಡದವರು ಫೋನು ಮಾಡಿ ಮಗಳು ಇದ್ದಾಳೆಯೇ ಎನ್ನುತ್ತಾರೆ; ಹೋದಳೆಂದರೆ ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ತಂಡಗಳಿಲ್ಲದ ಕೇಂದ್ರ ಯಾಕೆ ಬೇಕೆಂದು ಅಧ್ಯಕ್ಷರು ಬರುವ ರವಿವಾರ ಖುದ್ದಾಗಿ ಕೀಲಿ ಹಿಡಿದುಕೊಂಡು ಬರುತ್ತಿದ್ದಾರೆ. ಮೊದಲು ಅವರು ತಮ್ಮ ದೆಸೆಯಿಂದ ಕೀಲಿ ಹಾಕುವವರಿದ್ದರು, ಈಗ ತಾವಿಲ್ಲದ ದೆಸೆಯಿಂದ.

ಆದಕಾರಣ ಬರುವ ಹೋಳಿಗೆ ತಪ್ಪದೆ ಬರಬೇಕು, ಇಳಿಜಾರಿನ ಮೇಲೇ ಮಲಗಬೇಕು, ನಾವು ದೋಣಿಗೆ ಬೇರೆ ಇಳಿಜಾರು ಮಾಡಿಕೊಳ್ಳುತ್ತೇವೆ. ಚೊಚ್ಚಲು ಮಾತ್ರ ತವರಿನಲ್ಲಿ ಎಂದು ಯಾರಾದರೂ ತಲೆ ತುಂಬಿದರೆ ಸಾವಿತ್ರೀಬಾಯಿಯವರ ಹತ್ತಿರ ಕಳಿಸಿಕೊಡಿ.

ತಮ್ಮ ವಿಶ್ವಾಸಿ ಮತ್ತು, ಊರು ಹೇಳುವಂತೆ, ತಮ್ಮ ಅಣ್ಣ,
ಶ್ರೀವಲ್ಲಭ ಅಗರಖೇಡ

ತಾ. ಕ.: ಅಧ್ಯಕ್ಷರು ರವಿವಾರ ಮುಂಜಾನೆ ಕೀಲಿ ಹಾಕುವ ಮುನ್ನ ಒಬ್ಬರೇ ದೋಣಿಯಲ್ಲಿ ಕುಳಿತು ಕೊನೆಯದೊಂದು ಫೋಟೊ ತೆಗೆಸಿಕೊಳ್ಳಲಿದ್ದಾರೆ. ಕೀಲಿ ಅವರ ಕೈಯಲ್ಲೇ ಇರುತ್ತದೆ. ತಾವು ಅವರನ್ನು ಮುಟ್ಟುವುದೇನೂ ಬೇಡ. ಮಕ್ಕಳನ್ನು ಕರೆದುಕೊಂಡು ದೋಣಿಯ ಹತ್ತಿರ ಬಂದು ಒಮ್ಮೆ ಆಕಳಿಸಿದರೆ ಸಾಕು. ನೀರಿಗೆ ಬಿದ್ದದ್ದನ್ನು ಹುಡುಕಿ ಮರಳಿ ಕೊಡುವ ತೊಂದರೆಯನ್ನು ದಯವಿಟ್ಟು ತೆಗೆದುಕೊಳ್ಳಬಾರದು.