ಮೂರನೇ ಕರೆಗೆ ಕಾದ ಗ್ರೀಕ್ ವಿದ್ಯಾರ್ಥಿ

ಪೀಣ್ಯದ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಲೇತ್ ಮಷೀನಿನ ಮುಂದೆ ನಿಂತು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿದವನಿಗೆ ಪ್ರಾಚೀನ ಗ್ರೀಕ್ ವ್ಯಾಕರಣ ಯಾವ ಲೆಕ್ಕ? ನಿವೃತ್ತನಾದ ಮೇಲೆ ಇದೇ ಧೈರ್ಯದಿಂದ ವಿಶ್ವವಿದ್ಯಾಲಯ ಸೇರಿದೆ. ಪ್ರಾಯದಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವ ಯೋಗ ಇರಲಿಲ್ಲ. ಆ ಕೊರಗು ಇನ್ನೂ ಹೋಗಿರಲಿಲ್ಲ. ಬಾಗಲಗುಂಟೆಯ ನಮ್ಮ ಬೀದಿಗೆಲ್ಲ ಸುದ್ದಿ ಹಬ್ಬಿತು. ಹಬ್ಬಿಸಿದವನು ನಾನೇ!

"ಗ್ರೀಕ್ ಕಲ್ತು ಯಾರ ಹತ್ರ ಮಾತಾಡ್ತೀರಿ?" ಎಂದು ಹೆಂಡತಿ ಸರೋಜ ಕೇಳಿದಳು.

"ಅದನ್ನ ಮಾತಾಡ್ತಿದ್ದೋರೆಲ್ಲ ಸತ್ತು ಸಾವಿರಾರು ವರ್ಷ ಆಯ್ತು ಕಣೇ."

"ರಾಮ ರಾಮ! ಹಂಗಾದ್ರೆ ದೀಪ ಹಚ್ಚೋ ಹೊತ್ತಲ್ಲಿ ಅದನ್ನ ಜೋರಾಗಿ ಓದ್ಬೇಡಿ."

ನಾನು ಓದಿದ್ದು ಆ ಹೊತ್ತಿನಲ್ಲೇ. ಒಂದು ಕ್ರಿಯಾಪದವನ್ನು ಹಿಡಿದೆ ಎನ್ನುವಷ್ಟರಲ್ಲಿ ಅದು ವೇಷ ಬದಲಿಸಿ ಇನ್ನೊಂದು ಬಾಗಿಲಿನಿಂದ ಬರುತ್ತಿತ್ತು. ಆಮೇಲೆ ಭಾಷಾಂತರ ಶುರುವಾಯಿತು. ಗ್ರೀಕ್ ಕಲಿಸುವ ಮೇಡಂ ಕೊಟ್ಟದ್ದು ಗೋರಿಕಲ್ಲುಗಳ ಬರಹ. ಅಲ್ಲಿ ಸತ್ತವರೇ ಮಾತಾಡುತ್ತಾರೆ! ದಾರಿಹೋಕರನ್ನು ನಿಲ್ಲಿಸುತ್ತಾರೆ, ತಮ್ಮ ಹೆಸರನ್ನು ಗಟ್ಟಿಯಾಗಿ ಓದು ಎನ್ನುತ್ತಾರೆ, ಕತ್ತಲಲ್ಲಿ ಒಬ್ಬರೇ ಇರುವುದು ಕಷ್ಟ ಎಂದು ಗೋಳಾಡುತ್ತಾರೆ. ನಿಘಂಟು ಹಿಡಿದು ಒಂದೊಂದೇ ಪದ ಬಿಡಿಸುತ್ತಿದ್ದೆ. ಅರ್ಥ ಪೂರ್ತಿಯಾಗುವ ಹೊತ್ತಿಗೆ ಬೆನ್ನ ಹಿಂದೆ ಯಾರೋ ನಿಂತು ನನ್ನ ಜೊತೆಗೇ ಓದುತ್ತಿದ್ದಾರೆ ಅನ್ನಿಸುತ್ತಿತ್ತು. ತಿರುಗಿ ನೋಡಿದರೆ ಮೊಳೆಗೆ ನೇತುಹಾಕಿದ ನನ್ನದೇ ಹಳೇ ಯೂನಿಫಾರ್ಮ್! ಆದರೆ ಕಿಟಕಿ ಮುಚ್ಚಿತ್ತು, ಫ್ಯಾನ್ ನಿಂತಿತ್ತು, ಯೂನಿಫಾರ್ಮಿನ ತೋಳು ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು. ನಿಜವಾಗಿಯೂ ಹೆದರಿದೆ.

ಅಷ್ಟರಲ್ಲಿ ಮೌಖಿಕ ಪರೀಕ್ಷೆ ಬಂತು. ಅದರಲ್ಲಿ ಪಾಸಾದರೆ ಮಾತ್ರ ಎರಡನೇ ವರ್ಷಕ್ಕೆ ಪ್ರವೇಶ. ದೂರದವರಿಗೆ ಅನುಕೂಲವಾಗಲೆಂದು ಮೇಡಂ ಅದನ್ನು ಸಂಜೆ ಆನ್‌ಲೈನ್‌ನಲ್ಲೇ ಇಟ್ಟರು. ಇಸ್ತ್ರಿ ಅಂಗಿ ತೊಟ್ಟು, ಫೋನ್ ಮುಂದಿಟ್ಟುಕೊಂಡು, ನನ್ನ ಸರದಿಗೆ ಕಾದು ಕೂತೆ. ಕರೆಂಟ್ ಹೋಯಿತು!

ಎದುರಿನ ವರ್ಕ್‌ಶಾಪಿನ ಮಷೀನುಗಳೆಲ್ಲ ಒಟ್ಟಿಗೇ ನಿಂತವು. ಹಗಲಿರುಳು ಗುಂಯ್‌ಗುಡುವ ನಮ್ಮ ಬೀದಿಯಲ್ಲಿ ಅಂಥ ಮೌನವನ್ನು ನಾನು ಕಂಡೇ ಇರಲಿಲ್ಲ. ವೈಫೈ ಹೋಯಿತು, ಪರೀಕ್ಷೆಯೂ ಕಟ್ಟಾಯಿತು ಎಂದುಕೊಂಡು ಫೋನನ್ನು ಮಗುಚಿಟ್ಟೆ. ಅದು ತಾನಾಗಿಯೇ ಸಿಮ್ಮಿನ ಕುಂಟುವ ಇಂಟರ್ನೆಟ್ಟಿಗೆ ಹಾರಿಕೊಂಡದ್ದು ಈ ಪಂಡಿತೋತ್ತಮನಿಗೆ ತಿಳಿಯಲಿಲ್ಲ.

ಆಗ ಕತ್ತಲಲ್ಲಿ, ಬಾವಿಯೊಳಗಿಂದ ಎಂಬಂತೆ, ಎಳೆದೆಳೆದ ಹೆಣ್ಣುದನಿ ಬಂತು.

"ಗಂ... ಗಾ... ಧ... ರ... ಯ್ಯ..."

ಸರೋಜ ನನ್ನ ಬಾಯಿ ಮುಚ್ಚಿದಳು. "ಓಗೊಡ್ಬೇಡಿ ಕಣ್ರೀ! ಮುಸ್ಸಂಜೇಲಿ ಕರೆದ್ರೆ ಮೂರನೇ ಸಲಕ್ಕೇ ಓಗೊಡೋದು. ದೆವ್ವ ಮೂರು ಸಲ ಕರೆಯಲ್ಲ."

ನಮ್ಮಜ್ಜಿ ಹೇಳಿಕೊಟ್ಟದ್ದೂ ಇದೇ ನಿಯಮ. ಗ್ರೀಕ್ ನಿಯಮಗಳೆಲ್ಲ ಆ ಕ್ಷಣ ಮರೆತುಹೋದವು, ಇದೊಂದು ನೆನಪಿತ್ತು.

"ಗಂ... ಗಾ... ಧ... ರ... ಯ್ಯ... ಉಳಿದವರದ್ದೆಲ್ಲ... ಮುಗೀತು... ನೀವೊಬ್ರೇ... ಬಾಕಿ..."

ಇಬ್ಬರೂ ದೇವರ ಗೂಡಿನ ಕೆಳಗೆ ಮುದುಡಿ ಕೂತೆವು. ಮೂರನೇ ಕರೆಗೆ ಕಿವಿಗೊಟ್ಟು ಕಾದೆವು. ಬರಲೇ ಇಲ್ಲ.

"ನೋಡಿದ್ರಾ? ನಾನ್ ಹೇಳ್ಲಿಲ್ವಾ?" ಎಂದು ಸರೋಜ ಗೆದ್ದ ದನಿಯಲ್ಲಿ ಪಿಸುಗುಟ್ಟಿದಳು.

ಕರೆಂಟ್ ಬಂತು. ಫೋನ್ ತಿರುಗಿಸಿದೆ. ಪರದೆಯ ಮೇಲೆ ಮೇಡಂ ಬರೆದಿದ್ದರು: "ಗಂಗಾಧರಯ್ಯ, ಗೈರುಹಾಜರಿ."

ದೆವ್ವವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ಬೆಳಗಾಗುತ್ತಲೇ ವಿಶ್ವವಿದ್ಯಾಲಯಕ್ಕೆ ಓಡಿದೆ. ನಿದ್ದೆಗೆಟ್ಟು ಕೆಂಪಾದ ಕಣ್ಣು, ಕೆದರಿದ ತಲೆ. ಮೇಡಂ ಕೋಣೆಯ ಬಾಗಿಲನ್ನು ಅರ್ಧ ತೆರೆದು ನೋಡಿದರು.

"ಮೇಡಂ, ನೀವು ಕರೆದಾಗ ನಾನು ಅಲ್ಲೇ ಇದ್ದೆ. ಕತ್ತಲಲ್ಲಿ ಕೂತು ನಿಮ್ಮ ದನೀನೇ ಕೇಳ್ತಿದ್ದೆ. ಇನ್ನೊಂದೇ ಒಂದ್ಸಲ ಕರೀಲಿ ಅಂತ ಕಾಯ್ತಿದ್ದೆ..."

ಅವರ ಮುಖ ಬಿಳಿಚಿಕೊಂಡಿತು. "ನಾಳೆ ಬನ್ನಿ," ಎಂದು ಬಾಗಿಲು ಹಾಕಿ ಚಿಲಕ ಜಡಿದರು.

ಮರುದಿನ ಹೋದೆ. "ನಾಳೆ ಬನ್ನಿ." ಅದರ ಮರುದಿನವೂ ಅದೇ. ಎರಡನೇ ವರ್ಷದ ತರಗತಿ ನಾನಿಲ್ಲದೆ ಶುರುವಾಯಿತು. ಬೀದಿಯವರಿಗೆ ಮುಖ ತೋರಿಸಲಾಗದಂತಾಗಿದೆ, ದುಃಖವೂ ಆಗಿದೆ. ಬಾಗಿಲಿಗೆ ಬಂದ ದೆವ್ವ ಹಿಂದಿರುಗಲೆಂದು ನಮ್ಮ ಜನ ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆಯುತ್ತಾರಲ್ಲ, ಆ ದೆವ್ವಕ್ಕಿಂತ ನಾನು ಎಷ್ಟೋ ವಾಸಿ. ನನಗೆ 'ಬನ್ನಿ' ಎನ್ನುವಷ್ಟು ಮರ್ಯಾದೆಯಾದರೂ ಇದೆ!