ನನ್ನ ನಾದಿನಿಯ ಲೈವ್ ಮುಯ್ಯಿ

“ಟಿಂಗ್! ನೂರು ರೂಪಾಯಿ ಸ್ವೀಕರಿಸಲಾಗಿದೆ!”

ಈ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ತರಕಾರಿ ಅಂಗಡಿಯಲ್ಲಿ ದುಡ್ಡು ಬಂದಾಗ ಕೂಗುವ ಡಬ್ಬಿಯದು ಅಂದುಕೊಂಡಿರಾ? ಡಬ್ಬಿಯೇನೋ ಅದೇ, ಆದರೆ ಅದು ಇದ್ದದ್ದು ನನ್ನ ನಾದಿನಿಯ ಹ್ಯಾಂಡ್‌ಬ್ಯಾಗಿನಲ್ಲಿ! ದೇವಸ್ಥಾನದ ಹುಂಡಿ ಪಾಪ ಇದ್ದಲ್ಲೇ ಇರುತ್ತದೆ, ಕಾಸು ಹಾಕುವವರು ಅಲ್ಲಿಗೆ ಹೋಗಬೇಕು. ನನ್ನ ನಾದಿನಿಯೆಂಬ ಹುಂಡಿಗೆ ಕಾಲೂ ಇತ್ತು, ಬಾಯಿಯೂ ಇತ್ತು. ಅವಳು ಬರುತ್ತಿದ್ದಾಳೆಂದರೆ ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿಗಳು ಷಟರ್ ಅರ್ಧ ಇಳಿಸುತ್ತಿದ್ದರು. ಅವಳು ಬಗ್ಗಿಕೊಂಡು ಒಳಗೆ ಹೋಗುತ್ತಿದ್ದಳು!

ನಾನೋ, ಕಾನ್ವೆಂಟಿನಲ್ಲಿ ಬೆಳೆದವಳು. ಹಣದ ಮಾತೆತ್ತುವುದು ಬ್ಯಾಡ್ ಮ್ಯಾನರ್ಸ್ ಎಂದು ಸಿಸ್ಟರ್‌ಗಳು ಹೇಳಿಕೊಟ್ಟದ್ದನ್ನು ಎಪ್ಪತ್ತು ದಾಟಿದರೂ ಮರೆತಿಲ್ಲ. ಇವಳು ಸರ್ಕಾರಿ ಸ್ಕೂಲಿನಲ್ಲಿ ಟೀಚರಾಗಿ ರಿಟೈರ್ ಆದವಳು. ಅವಳಿಗೆ ಮ್ಯಾನರ್ಸ್ ಯಾರೂ ಹೇಳಿಕೊಟ್ಟಿರಲಿಲ್ಲ, ಥ್ಯಾಂಕ್ ಗಾಡ್!

ಒಮ್ಮೆ ಆವತಿಯಲ್ಲಿ ನಮ್ಮ ನೆಂಟರೊಬ್ಬರು ತೀರಿಕೊಂಡಾಗ ಇಬ್ಬರೂ ಹೋಗಿದ್ದೆವು. ಮನೆ ತುಂಬ ಜನ, ಒಂದು ಪಿಸುಮಾತೂ ಇಲ್ಲ. ಆ ಮೌನದಲ್ಲಿ ಬ್ಯಾಗು ಕೂಗಿತು: “ಟಿಂಗ್! ಐನೂರು ರೂಪಾಯಿ ಸ್ವೀಕರಿಸಲಾಗಿದೆ!” ಭೂಮಿ ಬಾಯಿ ಬಿಟ್ಟಿದ್ದರೆ ನಾನು ಚಪ್ಪಲಿ ಸಮೇತ ಇಳಿದುಬಿಡುತ್ತಿದ್ದೆ. ತೀರಿಕೊಂಡವರ ಮಗ ಎದ್ದು ಬಂದ. ಬಂತಲ್ಲ ಗ್ರಹಚಾರ ಎಂದುಕೊಂಡೆ. ಅವನು ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದ: “ಆಂಟಿ, ಸ್ಕ್ಯಾನರ್ ತೋರ್ಸಿ. ಅಪ್ಪನ ಹೆಸ್ರಲ್ಲಿ ನಾನೂ ಹಾಕ್ತೀನಿ.”

ಇಷ್ಟೆಲ್ಲ ಯಾತಕ್ಕೆ? ಒಂದು ಹಳೇ ವ್ಯಾನಿಗೆ. ಕಿಡ್ನಿ ಕೆಟ್ಟವರಿಗೆ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಪುಕ್ಕಟೆ. ಆದರೆ ಹಳ್ಳಿಯಿಂದ ಅಲ್ಲಿಗೆ ವಾರ ವಾರವೂ ಬಂದುಹೋಗುವುದು ಪುಕ್ಕಟೆಯೇ? ನನ್ನ ನಾದಿನಿ ಪೆನ್ಷನ್ ದುಡ್ಡು ಸುರಿದು, ಗೆಳತಿಯರನ್ನು ಸೇರಿಸಿ ಟ್ರಸ್ಟ್ ಮಾಡಿ, ದೊಡ್ಡಬೆಳವಂಗಲದ ಕಡೆಯ ರೋಗಿಗಳಿಗೆ ಆ ವ್ಯಾನು ಓಡಿಸುತ್ತಿದ್ದಳು. ಅದರಲ್ಲಿ ಬರುವ ನೇಕಾರನೊಬ್ಬ ಹತ್ತುವಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದ: “ಮಗಳ ಮದ್ವೆ ಒಂದ್ ನೋಡ್ಬಿಟ್ರೆ ಸಾಕು ಕಣ್ ಟೀಚರಮ್ಮ.” ಇವಳು “ಮೊದ್ಲು ಸೀಟಲ್ಲಿ ಕೂತ್ಕೊಳಪ್ಪ, ಮದ್ವೆ ಆಮೇಲೆ” ಎಂದು ಗದರುತ್ತಿದ್ದಳು.

ಒಂದು ದಿನ ವ್ಯಾನು ದಾರಿಯಲ್ಲೇ ನಿಂತಿತು. “ಇಂಜಿನ್ನೇ ಇಳಿಸ್ಬೇಕು ಮೇಡಂ” ಎಂದ ಮೆಕ್ಯಾನಿಕ್. ಆ ವಾರ ನೇಕಾರನಿಗೆ ಡಯಾಲಿಸಿಸ್ ತಪ್ಪಿತು. ಮುಖ ಊದಿಕೊಂಡು, ಉಸಿರು ಸಿಕ್ಕಿಕೊಂಡು, ಕೊನೆಗೆ ಟೊಮ್ಯಾಟೊ ಟೆಂಪೋದಲ್ಲಿ ಆಸ್ಪತ್ರೆ ಸೇರಿದ. ಇನ್ನೊಂದು ಸಲ ಹೀಗಾದರೆ ಕಷ್ಟ ಎಂದರು ಡಾಕ್ಟರು.

ಸಿಟಿಯಿಂದ ಫಂಡ್‌ರೈಸಿಂಗ್ ಕಲಿತ ಹುಡುಗನೊಬ್ಬ ಬಂದ. “ಆಂಟಿ, ಎಮೋಷನಲ್ ಕಂಟೆಂಟ್ ಬೇಕು. ಪೇಷೆಂಟ್ ಅಳ್ತಿರೋದು, ಕ್ಲೋಸಪ್. ಪಕ್ಕಾ ವೈರಲ್!”

“ನಿಮ್ಮಪ್ಪನ್ನ ಅಳಿಸಿ ಕ್ಲೋಸಪ್ ತಗೊಂಡ್ ಬಾ ಹೋಗು, ಚೆನ್ನಾಗ್ ಬಂದ್ರೆ ನೋಡೋಣ” ಎಂದಳು. ಹುಡುಗ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಮತ್ತೆ ಯಾರನ್ನು ತೋರಿಸುವುದು? ತನ್ನನ್ನೇ! ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಹುಡುಗರು ಯಾವುದೋ ಹೀರೋನ ಅಭಿಮಾನಿ ಸಂಘ ಕಟ್ಟಿಕೊಂಡಿದ್ದರು. ಶಿಫ್ಟ್ ಮುಗಿಸಿ ಬಂದವರ ಹತ್ತಿರ ಆ ಹೀರೋನ ಹೊಸ ಡ್ಯಾನ್ಸ್ ಕಲಿತಳು. “ಸೊಂಟ ಸ್ವಲ್ಪ ಬಳುಕ್ಸಿ ಅಜ್ಜಿ!” “ಇದ್ರೆ ತಾನೇ ಬಳುಕ್ಸಕ್ಕೆ? ಮುಂದಿಂದು ಹೇಳ್ಕೊಡ್ಲಾ!” ಬಾನೆಟ್ ಬಾಯಿ ತೆರೆದ ವ್ಯಾನಿನ ಮುಂದೆ ರೀಲ್ ತೆಗೆದರು. ನಡುವೆ ಮಂಡಿ ಹಿಡಿದುಕೊಂಡಿತು. ಇವಳು ಬಿಟ್ಟಾಳೆಯೇ? ಒಂದು ಕೈಯಲ್ಲಿ ಬಂಪರ್, ಇನ್ನೊಂದರಲ್ಲಿ ಮಂಡಿ ಹಿಡಿದು ಕುಣಿದೇ ಕುಣಿದಳು. ಅದೂ ಒಂದು ಸ್ಟೆಪ್ ಎಂದುಕೊಂಡು ಕಾಲೇಜು ಹುಡುಗಿಯರೆಲ್ಲ ಮಂಡಿ ಹಿಡಿದುಕೊಂಡು ಕುಣಿಯತೊಡಗಿದರು!

ಲೈಕುಗಳು ರಾಶಿ ಬಿದ್ದವು. ದುಡ್ಡು ಮಾತ್ರ ಚೂರುಪಾರು. “ಹಾರ್ಟ್ ಕಳಿಸ್ತಾರೆ ಅತ್ತಿಗೆ, ಲಕ್ಷಗಟ್ಲೆ ಹಾರ್ಟು. ಇಂಜಿನ್ನಿಗೆ ಹಾರ್ಟ್ ಹಾಕಕ್ಕಾಗುತ್ತಾ?” ಎಂದು ಅಡುಗೆಮನೆಯಲ್ಲಿ ಕುಕ್ಕರಿಸಿದಳು. ಅವಳು ಸೋತು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಐದು ನಿಮಿಷ ಇರಬಹುದು. ಆಮೇಲೆ ತಟ್ಟನೆ ಎದ್ದಳು. “ಅತ್ತಿಗೆ, ನಮ್ ಜನಕ್ಕೆ ಡೊನೇಷನ್ ಅಂದ್ರೆ ಕೈ ಬರಲ್ಲ. ಮುಯ್ಯಿ ಅಂದ್ರೆ ಸಾಲ ಮಾಡಾದ್ರೂ ತರ್ತಾರೆ!”

ಭಾನುವಾರ ವ್ಯಾನಿನ ಮುಂದೆ ಶಾಮಿಯಾನ ಎದ್ದಿತು. ಮದುವೆಮನೆಯ ಹಾಗೇ ಮೇಜು, ಎಲೆ ಅಡಿಕೆ, ಮುಯ್ಯಿ ಕೂಗುವುದಕ್ಕೆ ಮೈಕು. ಎಲ್ಲವೂ ಫೋನಿನಲ್ಲಿ ಲೈವ್. ವ್ಯಾನಿಗೆ ಬಾಸಿಂಗ ಕಟ್ಟಿದ್ದಳು, ಮದುಮಗ! ದುಡ್ಡು ಬಿದ್ದ ಹಾಗೆಲ್ಲ ಊರು, ಮನೆತನದ ಸಮೇತ ಹೆಸರು ಕೂಗುತ್ತಿದ್ದಳು. “ದೊಡ್ಡಮನೆಯವರಿಂದ ಐನೂರು!” ಸ್ವಲ್ಪ ಹೊತ್ತಿಗೆ ಅವರ ದಾಯಾದಿಯ ಫೋನು: “ಅವ್ರು ಐನೂರಾ? ನಮ್ದು ಸಾವಿರ ಕೂಗಿ ಮೇಡಂ, ಜೋರಾಗ್ ಕೂಗಿ!” ಸಂಜೆಗೆ ಇವಳ ಗಂಟಲು ಬಿದ್ದುಹೋಯಿತು. ಆ ದುಡ್ಡಲ್ಲಿ ಇಂಜಿನ್ ಎದ್ದು ಕೂತಿತು!

ಆದರೆ ಒಂದು ವಿಷಯ ಅವಳ ತಲೆಗೆ ಹೊಳೆದೇ ಇರಲಿಲ್ಲ. ಮುಯ್ಯಿ ಹಾಕಿದವರ ಮನೆ ಕಾರ್ಯಕ್ಕೆ ಮುಯ್ಯಿ ತೀರಿಸಲು ಹೋಗಬೇಕಲ್ಲವೇ? ಶುರುವಾಯಿತು ನೋಡಿ! ಮದುವೆ, ಗೃಹಪ್ರವೇಶ, ನಾಮಕರಣ, ಬೋರ್‌ವೆಲ್ ಪೂಜೆ. “ನಿಮ್ ವ್ಯಾನಿಗೆ ಮುಯ್ಯಿ ಹಾಕಿದ್ವಲ್ಲ ಮೇಡಂ, ನಮ್ ಪಾಪುದು ಕಿವಿ ಚುಚ್ಚೋದಿದೆ, ಬರ್ಲೇಬೇಕು.”

“ಇಟ್ ವಾಸ್ ಎ ಡೊನೇಷನ್, ಮೈ ಡಿಯರ್. ನೀನು ಹೋಗಬೇಕಾಗಿಲ್ಲ” ಎಂದೆ.

“ಮುಯ್ಯಿ ಅಂತ ಈಸ್ಕೊಂಡು ಈಗ ಡೊನೇಷನ್ ಅನ್ನಕ್ಕಾಗುತ್ತಾ ಅತ್ತಿಗೆ? ಮುಖ ಹೆಂಗ್ ತೋರ್ಸೋದು?”

ಹೋದಳು. ಒಂದೂ ಬಿಡದೆ ಹೋದಳು! ಉಡುಗೊರೆಗೆ ದುಡ್ಡೆಲ್ಲಿದೆ? ಗಂಡು ಹೆಣ್ಣಿನ ಜೊತೆ ಮಂಡಿ ಹಿಡಿದುಕೊಂಡು ಒಂದು ರೀಲ್ ಕುಣಿದು ಬರುತ್ತಿದ್ದಳು. ಅವಳು ಬಂದು ಕುಣಿಯದಿದ್ದರೆ ಮದುವೆಗೆ ಕಳೆಯೇ ಇಲ್ಲ ಎನ್ನುವಂತಾಯಿತು. ಕುಣಿದಲ್ಲೆಲ್ಲ ಹೊಸಬರು ಮುಯ್ಯಿ ಹಾಕಿದರು, ವ್ಯಾನು ಓಡಿತು. ನನ್ನ ಕಾನ್ವೆಂಟಿನ ಇಂಗ್ಲಿಷಿನಲ್ಲಿ ಇದಕ್ಕೆ ಏನೋ ದೊಡ್ಡ ಪದ ಇರಬೇಕು. ಇದ್ದರೂ ಅವಳಿಗೆ ಬೇಕಿರಲಿಲ್ಲ.

ವ್ಯಾನು ಓಡಿದ್ದರಿಂದ ನೇಕಾರನೂ ಉಳಿದ. ಮಗಳ ಮದುವೆಯೂ ಗೊತ್ತಾಯಿತು. ಮದುವೆಯ ಬೆಳಿಗ್ಗೆ ಇವಳಿಗೆ ಮೈ ಬಿಸಿಯಿತ್ತು, ಏದುಸಿರು ಬಿಡುತ್ತಿದ್ದಳು. ಇವತ್ತೊಂದು ದಿನ ಬೇಡ ಎಂದೆ. “ಇವತ್ತಾ? ಇವತ್ತು ಬಿಡೋದಾದ್ರೆ ಇಷ್ಟು ದಿನ ಕುಣಿದಿದ್ದು ಯಾಕೆ ಅತ್ತಿಗೆ?” ಎಂದು ರೇಷ್ಮೆ ಸೀರೆ ಉಟ್ಟುಕೊಂಡು ಹೊರಟೇಬಿಟ್ಟಳು. ಬಸ್ ಹತ್ತಿಸಲು ನಾನೂ ಹೋದೆ. ಅವಳು ಧಾರೆ ಕಣ್ತುಂಬ ನೋಡಿದಳಂತೆ, ನೇಕಾರ ತಾನೇ ನಿಂತು ಧಾರೆ ಎರೆದನಂತೆ, ಇವಳು ಮೊದಲ ಪಂಕ್ತಿಯಲ್ಲೇ ಉಂಡಳಂತೆ. ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದವಳು ಮತ್ತೆ ಏಳಲಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ಬಸ್ಸಿನ ಕಿಟಕಿಯಲ್ಲಿ. ಸೀಟು ಹಿಡಿದು ಕೂತವಳು ಮುಡಿಯಿಂದ ಮಲ್ಲಿಗೆ ದಂಡೆ ತೆಗೆದು, ಹಲ್ಲಿನಲ್ಲಿ ದಾರ ಕಡಿದು, ಅರ್ಧ ನನ್ನ ಕೈಗಿಟ್ಟಳು. ಅವಳ ಅಣ್ಣ ಹೋದಮೇಲೆ ನಾನು ಹೂ ಮುಡಿದಿರಲಿಲ್ಲ.

“ಮುಡ್ಕೊಳಿ ಅತ್ತಿಗೆ. ನಮ್ಮಣ್ಣ ಏನೂ ಅಂದ್ಕೊಳಲ್ಲ.”

ಜನರೆದುರು, ಬಸ್‌ಸ್ಟ್ಯಾಂಡಿನ ಮಧ್ಯೆ ನಿಂತು ಮುಡಿದುಕೊಂಡೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕತ್ತು ಹೊರಗೆ ಹಾಕಿ ನೋಡುತ್ತಲೇ ಇದ್ದಳು.