ಸುಣ್ಣ ಹಾಕಿದ ರೊಟ್ಟಿ

ದೂರ ಪ್ರವಾಸ ಹೋಗಿ ಬಂದವನು ಊಟಕ್ಕೆ ಕರೆದರೆ ಹೋಗಬಾರದು. ಇದನ್ನು ಹೇಳುತ್ತಿರುವವನು ನಾನೇ, ಹೊನ್ನಾವರದಲ್ಲಿ ಭೂಗೋಳ ಕಲಿಸಿ, ನಿವೃತ್ತನಾದ ಮೇಲೆ ಟೂರಿನವರ ಜೊತೆ ಗ್ವಾಟೆಮಾಲಾದ ಗುಡ್ಡಗಾಡು ಸುತ್ತಿ ಬಂದವನು. ಮಾಯಾ ಜನ ಯಾವತ್ತೋ ನಾಶವಾದರು ಎಂದು ಎಷ್ಟು ತರಗತಿಗಳಿಗೆ ಪಾಠ ಮಾಡಿದ್ದೆನೋ! ಅಲ್ಲಿ ನೋಡಿದರೆ ಅವರು ಬಟ್ಟೆ ನೇಯುತ್ತಿದ್ದರು, ಸಂತೆಗೆ ಹೋಗುತ್ತಿದ್ದರು, ತಮ್ಮದೇ ಭಾಷೆಯಲ್ಲಿ ಮಕ್ಕಳಿಗೆ ಬಯ್ಯುತ್ತಿದ್ದರು. ಒಂದು ಮನೆಯಲ್ಲಿ ಹೆಂಗಸೊಬ್ಬಳು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿಟ್ಟು, ಮರುದಿನ ಬೀಸಿ ರೊಟ್ಟಿ ತಟ್ಟಿದಳು. "ಸುಣ್ಣ ಗೋಡೆಗಲ್ಲವೇ?" ಎಂದು ನಾನು ನಕ್ಕೆ. ದುಭಾಷಿ ಅದನ್ನು ಆಕೆಗೆ ತಿಳಿಸಿದ. ಆಕೆ, ಸೂಟ್‌ಕೇಸಿನಲ್ಲಿ ಬಾಡಿಹೋಗಿದ್ದ ಕೊನೆಯ ವೀಳ್ಯದೆಲೆಗೆ ನಾನು ಸುಣ್ಣ ಸವರುತ್ತಿದ್ದ ಬೆರಳನ್ನು ಸುಮ್ಮನೆ ತೋರಿಸಿದಳು. ನನಗೆ ನಾಚಿಕೆಯಾಯಿತು.

ಈ ಕತೆ ಕೇಳಿದ ಧಾರೇಶ್ವರದ ಭಾವ, ಬಾಯಿ ತುಂಬ ಎಲೆಯಡಿಕೆಯ ಕವಳ ಇಟ್ಟುಕೊಂಡೇ, "ಸುಣ್ಣ ತಿಂಬ ಕಾಡಜನ!" ಎಂದು ನಕ್ಕರು. ನನ್ನ ಪಿತ್ತ ನೆತ್ತಿಗೇರಿತು. ಆ ಮಾಯಾ ಜನರನ್ನು ಯಾರಾದರೂ ಹಾಗೆ ಅಂದರೆ ನಾನು ಸಹಿಸುವುದಿಲ್ಲ, ಅದು ಅಕ್ಕನ ಗಂಡನೇ ಆಗಿರಲಿ.

"ಭಾನುವಾರ ಬನ್ನಿ ಭಾವ. ಅದೇ ರೊಟ್ಟಿ ತಿನ್ನಸ್ತೆ. ಆಮೇಲೆ ಮಾತಾಡಿ" ಎಂದೆ.

ಕುಮಟೆಯ ಸಂತೆಯಿಂದ ಮೆಕ್ಕೆಜೋಳ ತಂದೆ. ನನ್ನನ್ನು ಹೆತ್ತ ಆಯಿಯ ಕವಳದ ಬಟ್ಟಲಿನಲ್ಲಿದ್ದ ಸುಣ್ಣವನ್ನೆಲ್ಲ ಕೆರೆದು ಪಾತ್ರೆಗೆ ಹಾಕಿ, ಜೋಳ ಬೇಯಿಸಿ ನೆನೆಸಿಟ್ಟೆ. ಮರುದಿನ, ಭಾನುವಾರ, ಬೀಸಲು ಕೂತಾಗ ಆಯಿ ಕೇಳಿದಳು, "ತಮಾ, ತೊಳೆಯದು ಬ್ಯಾಡ್ದಾ?"

"ಅಲ್ಲಿ ಯಾರೂ ತೊಳೆತ್ವಿಲ್ಲೆ. ಅವರ ಸಂಪ್ರದಾಯದಲ್ಲಿ ನೀ ಕೈ ಹಾಕಡ" ಎಂದು ಗದರಿದೆ.

ಮೊದಲ ತುತ್ತಿಗೇ ಭಾವನ ನಾಲಗೆ ಸುಟ್ಟಿತು. ಅಕ್ಕ ಹಿತ್ತಲಿಗೆ ಓಡಿದಳು. "ಇದನ್ನ ತಿಂದು ಆ ಜನ ಹೆಂಗೆ ಬದುಕಿದ್ದ ಮಾರಾಯ?" ಎಂದು ಭಾವ ನೀರು ಮುಕ್ಕಳಿಸುತ್ತಲೇ ಕೇಳಿದರು. ಯಾರ ಮಾನ ಉಳಿಸಲು ಹೊರಟಿದ್ದೆನೋ ಅವರ ಮಾನವೇ ನನ್ನ ಅಂಗಳದಲ್ಲಿ ಹೋಗುತ್ತಿತ್ತು. ನಾನು ಬಿಡುವವನೇ? ಕಣ್ಣಲ್ಲಿ ನೀರು ತುಂಬಿಕೊಂಡು ಎರಡನೆಯ ರೊಟ್ಟಿ ತಿಂದೆ, "ರಾಶಿ ರುಚಿ ಇದ್ದು" ಎಂದೆ. ಗ್ವಾಟೆಮಾಲಾದ ಆ ಹೆಂಗಸು ಜೋಳ ತೊಳೆಯಲೇ ಇಲ್ಲ ಎಂದು ಸಾಬೀತು ಮಾಡಲು ಮೊಬೈಲ್ ತೆಗೆದು, ಆ ಅಡುಗೆಮನೆಯ ಫೋಟೊಗಳನ್ನು ಎಲ್ಲರ ಮುಂದೆ ಹಿಡಿದೆ.

ಮೊದಲ ಫೋಟೊದಲ್ಲಿ ನಾನು ನಗುತ್ತಿದ್ದೆ. ಎರಡನೆಯದರಲ್ಲಿ ಬೀಸುವ ಕಲ್ಲಿನ ಮೇಲೆ ಕೈಯಿಟ್ಟು ನಗುತ್ತಿದ್ದೆ. ಮೂರನೆಯದರಲ್ಲೂ ನಾನೇ, ನನ್ನ ಹೊಟ್ಟೆಯ ಮರೆಯಿಂದ ಎರಡು ಒದ್ದೆ ಕೈಗಳು, ಒಂದು ಜೋಳದ ಬುಟ್ಟಿ, ಸುರಿಯುತ್ತಿರುವ ನೀರು ಮಾತ್ರ ಕಾಣುತ್ತಿದ್ದವು.

ಆಯಿ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ತೊಳಿತಾ ಇದ್ದು, ತಮಾ. ನೀನೇ ಅಡ್ಡ ನಿಂತಿದ್ದೆ."

ನಾನು ಮೂರನೆಯ ರೊಟ್ಟಿಗೆ ಕೈ ಹಾಕಿದೆ.